ಹೃದಯಧಮನಿಯ ಕವಲುಗಳೂ ಬಲೂನು ಚಿಕಿತ್ಸೆಯೂ



ಹೃದಯಕ್ಕೆ ಬಲೂನು ಹಾಕಿದರು, ಸ್ಟೆಂಟು ಕೂರಿಸಿದರು ಎಂಬ ಮಾತು ಈಗ ಊರೂರಿನಲ್ಲಿಯೂ ಕೇಳಬರುವುದು. ಅದರ ಅರ್ಥವೂ ಬಹುಮಂದಿಗೆ ಸ್ಥೂಲವಾಗಿ ತಿಳಿದಿದೆ. ಆದರೆ ಕೆಲವು ವೇಳೆ ರೋಗಿಯ ಕೈಗೆ ಬರುವ ಚೀಟಿಯಲ್ಲಿ ಬೇರೊಂದು ಬಗೆಯ ಒಕ್ಕಣೆಯಿರುತ್ತದೆ. ಅಡ್ಡಿಯು ನಾಳದ ಕವಲಿನಲ್ಲಿತ್ತು. ದೊಡ್ಡ ನಾಳಕ್ಕೆ ಸ್ಟೆಂಟು ಇಟ್ಟಿದೆ. ಪಕ್ಕದ ಶಾಖೆಯ ಬಾಯಿ ಇಕ್ಕಟ್ಟಾಗಿ ಕಂಡರೂ ಅದನ್ನು ಹಾಗೆಯೇ ಬಿಡಲಾಗಿದೆ, ಎಂದು. ಇದನ್ನು ಓದಿದೊಡನೆ ಮನೆಯವರ ಮನಸ್ಸು ಕದಡುವುದು. ಕೆಲಸವನ್ನು ಅರ್ಧಕ್ಕೆ ಬಿಟ್ಟರೇ? ಹಣ ಸಾಲದೆಂದು ಬಿಟ್ಟರೇ? ಕೈಸಾಗದೆ ಬಿಟ್ಟರೇ? ಎಂದು ನೆಂಟರಿಷ್ಟರೊಳಗೆ ಚರ್ಚೆ ನಡೆಯುವುದು. ಇನ್ನೊಂದು ಆಸ್ಪತ್ರೆಗೆ ಓಡಿ, ಬಿಟ್ಟ ಶಾಖೆಗೂ ಒಂದು ಸ್ಟೆಂಟು ಹಾಕಿರೆಂದು ಬೇಡುವವರೂ ಉಂಟು. ಈ ಸಂಶಯಕ್ಕೆ ಉತ್ತರವೇನೆಂಬುದೇ ಈ ಹೊತ್ತಿನ ಉಪನ್ಯಾಸದ ವಿಷಯ. ಉತ್ತರವನ್ನು ಮೊದಲೇ ಹೇಳುವುದಾದರೆ, ಕವಲಿನ ಸ್ಥಳದಲ್ಲಿ ಹೆಚ್ಚು ಮಾಡಿದ ಚಿಕಿತ್ಸೆಯು ಬಹುಸಲ ಮೇಲಾದ ಚಿಕಿತ್ಸೆಯಲ್ಲ. ಈ ತಿಳಿವಳಿಕೆಯು ವೈದ್ಯಲೋಕಕ್ಕೆ ಸುಲಭವಾಗಿ ಬಂದದ್ದಲ್ಲ. ಸುಮಾರು ನಾಲ್ವತ್ತು ವರ್ಷಗಳ ಪ್ರಯೋಗಗಳಿಂದ ಬಂದುದಾಗಿದೆ.

ಹೃದಯವು ದೇಹಕ್ಕೆಲ್ಲ ರಕ್ತವನ್ನು ಹಂಚುವ ಯಂತ್ರವಾದರೂ ತನ್ನ ಸ್ವಂತ ಪೋಷಣೆಗಾಗಿ ಒಳಗೆ ತುಂಬಿರುವ ರಕ್ತವನ್ನು ನೇರವಾಗಿ ಹೀರಿಕೊಳ್ಳಲಾರದು. ಮಹಾಧಮನಿಯ ಬುಡದಿಂದ ಹೊರಡುವ ಎರಡು ನಾಳಗಳು ಹೃದಯದ ಹೊರಮೈಯನ್ನು ಕಿರೀಟದಂತೆ ಬಳಸಿ ಅದಕ್ಕೆ ರಕ್ತವನ್ನೀಯುವವು. ಆ ಆಕೃತಿಯಿಂದಲೇ ಇವುಗಳಿಗೆ ಕರೋನರಿ ಧಮನಿಗಳೆಂಬ ಹೆಸರು ಬಂದಿತು. ಎಡಗಡೆಯ ನಾಳವು ಗಿಡ್ಡನೆಯ ಒಂದು ಕಾಂಡವಾಗಿ ಹೊರಟು, ಸ್ವಲ್ಪ ದೂರದಲ್ಲಿಯೇ ಎರಡಾಗಿ ಒಡೆಯುವುದು. ಒಂದು ಹೃದಯದ ಮುಂಭಾಗದಲ್ಲಿ ಕೆಳಗಿಳಿಯುವುದು. ಇನ್ನೊಂದು ಹಿಂದಕ್ಕೆ ಸುತ್ತಿಹೋಗುವುದು. ಮುಂದಣ ನಾಳದಿಂದ ಓರೆಯಾದ ಶಾಖೆಗಳು, ಹಿಂದಣ ನಾಳದಿಂದ ಅಂಚಿನ ಶಾಖೆಗಳು, ಹೀಗೆ ಕವಲು ಕವಲಾಗಿ ಹರಡಿ ಕಡೆಗೆ ಕೂದಲಿಗಿಂತ ಸಣ್ಣ ನಾಳಗಳಾಗುವವು. ಎಡಗಾಂಡವೊಂದೇ ಎಡಕುಕ್ಷಿಯ ಬಹುಭಾಗವನ್ನು ಪೋಷಿಸುವುದರಿಂದ ಅದರ ಕವಲು ಎಲ್ಲ ಕವಲುಗಳಿಗಿಂತಲೂ ಬೆಲೆಯುಳ್ಳದ್ದು.

ಇಲ್ಲಿ ಒಂದು ಶಬ್ದವಿಚಾರ. ಧಮನಿಯೆಂಬ ಪದವು ಊದುವುದೆಂಬ ಅರ್ಥದ ಧ್ಮಾ ಧಾತುವಿನಿಂದ ಬಂದುದು. ಗ್ರೀಕರು ಕೂಡ ಈ ನಾಳಗಳಲ್ಲಿ ವಾಯು ಸಂಚರಿಸುವುದೆಂದು ಬಹುಕಾಲ ನಂಬಿದ್ದರು. ಅವುಗಳಲ್ಲಿ ಹರಿಯುವುದು ರಕ್ತವೇ ಎಂದು ಗೇಲನನು ತೋರಿಸಿದನು. ಆ ರಕ್ತವು ಸುತ್ತಿ ಮರಳಿ ಬರುವುದೆಂದು ೧೬೨೮ರಲ್ಲಿ ವಿಲಿಯಂ ಹಾರ್ವೆಯು ಸ್ಥಾಪಿಸಿದನು. ಊದುವ ಬಲೂನೊಂದು ಧಮನಿಯೊಳಕ್ಕೇ ಹೋಗಿ ಕೂಡುವ ಕಾಲ ಬಂದಾಗ ಆ ಹಳೆಯ ಧಾತ್ವರ್ಥವು ಬೇರೊಂದು ರೀತಿಯಲ್ಲಿ ಸಾರ್ಥಕವಾಯಿತೆಂದು ಶಾಬ್ದಿಕರು ಹೇಳಿಕೊಳ್ಳಬಹುದು. ಆದರೆ ಬಲೂನಿನಲ್ಲಿ ತುಂಬುವುದು ಗಾಳಿಯಲ್ಲ, ಎಕ್ಸ್‌ರೇ ಕಿರಣಗಳಿಗೆ ಕಾಣುವ ಔಷಧವನ್ನು ಬೆರಸಿದ ಉಪ್ಪುನೀರು. ಬಲೂನು ಅಕಸ್ಮಾತ್ತಾಗಿ ಒಡೆದರೆ ಗಾಳಿಯು ಪ್ರಾಣಾಪಾಯವನ್ನುಂಟುಮಾಡುವುದು. ಆ ನೀರು ರಕ್ತದಲ್ಲಿ ಕಲೆತುಹೋಗುವುದು.

ಜಿಡ್ಡು ಕವಲಿನಲ್ಲಿಯೇ ಏಕೆ ಹೆಚ್ಚಾಗಿ ಕೂಡುವುದು? ಗದ್ದೆಗೆ ನೀರು ಹಾಯಿಸುವ ಒಕ್ಕಲಿಗನಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಕಾಲುವೆಯು ಎರಡಾಗಿ ಒಡೆಯುವಲ್ಲಿ ನೀರು ನಡುವಣ ಮೊನೆಗೆ ರಭಸದಿಂದ ಬಡಿಯುವುದು; ಅಲ್ಲಿ ಹೂಳು ನಿಲ್ಲುವುದಿಲ್ಲ. ಮೊನೆಗೆ ಎದುರಾದ ಹೊರದಡಗಳ ಬದಿಯಲ್ಲಿ ನೀರು ಮಂದವಾಗಿ, ಸುಳಿಯಾಗಿ ತಿರುಗುವುದು. ಹೂಳು ಕೂಡುವುದು ಅಲ್ಲಿ. ರಕ್ತನಾಳದಲ್ಲಿಯೂ ಹೆಚ್ಚುಕಡಿಮೆ ಇದೇ ಕ್ರಮ. ಹರಿವಿನ ಉಜ್ಜಾಟವು ಕಡಿಮೆಯಾದ ಹೊರಗೋಡೆಗಳಲ್ಲಿ ನಾಳದ ಒಳಪೊರೆಯು ದುರ್ಬಲವಾಗಿ ಜಿಡ್ಡಿಗೆ ಎಡೆಗೊಡುವುದು. ಕವಲಿನ ಮೊನೆಯು ಬಹುಮಟ್ಟಿಗೆ ಶುದ್ಧವಾಗಿ ಉಳಿಯುವುದು. ಹೋಲಿಕೆಯನ್ನು ಕೊನೆಯವರೆಗೆ ಎಳೆಯಬಾರದು. ಕಾಲುವೆಯ ಹೂಳು ತಳದ ಮೇಲೆ ಬೀಳುವುದು. ನಾಳದ ಜಿಡ್ಡಾದರೋ ಗೋಡೆಯ ಪದರಗಳ ಒಳಗೆಯೇ ಬೆಳೆಯುವುದು. ಆದಕಾರಣ ಅದನ್ನು ಗೋರಿ ತೆಗೆಯುವ ಮಾತು ಸುಲಭವಲ್ಲ. ಬಲೂನಿನಿಂದಾಗಲಿ ಸ್ಟೆಂಟಿನಿಂದಾಗಲಿ ಚಿಕಿತ್ಸೆಗೆ ಬರುವ ಇಕ್ಕಟ್ಟುಗಳಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಕವಲುಗಳಲ್ಲಿರುವವು.

ಕವಲುಗಳ ಅಳತೆಯಲ್ಲಿಯೂ ಒಂದು ನಿಯಮವುಂಟು. ಸೆಸಿಲ್ ಮರ್ರೆಯೆಂಬ ವಿದ್ವಾಂಸನು ೧೯೨೬ರಲ್ಲಿ ಹೇಳಿದ ಪ್ರಕಾರ, ತಾಯಿನಾಳದ ತ್ರಿಜ್ಯದ ಘನವು ಮಗಳು ನಾಳಗಳ ತ್ರಿಜ್ಯಗಳ ಘನಗಳ ಮೊತ್ತಕ್ಕೆ ಸಮನಾಗಿರುವುದು. ಬಹುಕಾಲದ ಮೇಲೆ ಫ್ರಾನ್ಸಿನ ಫಿನೆಯೆಂಬ ವೈದ್ಯರು ಮನುಷ್ಯರ ಹೃದಯನಾಳಗಳನ್ನಳೆದು ಸುಲಭವಾದ ಸೂತ್ರವನ್ನು ಕೊಟ್ಟರು: ಎರಡು ಶಾಖೆಗಳ ವ್ಯಾಸಗಳನ್ನು ಕೂಡಿಸಿ ೦.೬೭೮ರಿಂದ ಗುಣಿಸಿದರೆ ತಾಯಿನಾಳದ ವ್ಯಾಸ ಬರುವುದು. ಒಂದು ಶಾಖೆ ೩ ಮಿಲಿಮೀಟರ್, ಇನ್ನೊಂದು ೨.೫ ಮಿಲಿಮೀಟರ್ ಇದ್ದರೆ ಮೇಲಣ ನಾಳವು ಸುಮಾರು ೩.೭ ಮಿಲಿಮೀಟರ್ ಇರಬೇಕು. ಇದು ಬರಿಯ ಗಣಿತವಿನೋದವಲ್ಲ. ಕವಲಿನ ಮೇಲೆ ಒಂದು ಅಳತೆ, ಕೆಳಗೆ ಇನ್ನೊಂದು ಅಳತೆ. ಎರಡನ್ನೂ ಒಂದೇ ಕೊಳವೆಯಿಂದ ಮುಚ್ಚಬೇಕಾದಾಗ ಬರುವ ತೊಡಕೇ ಮುಂದಿನ ಕಥೆಯ ಮೂಲವಾಗಿದೆ.

ಹೃದಯದೊಳಕ್ಕೆ ನಳಿಕೆಯನ್ನು ತೂರಿಸುವ ಸಾಹಸವನ್ನು ೧೯೨೯ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ತರುಣವೈದ್ಯನು ತನ್ನ ಮೇಲೆಯೇ ಮಾಡಿಕೊಂಡನು. ತನ್ನ ತೋಳಿನ ಸಿರೆಯಿಂದ ಸಣ್ಣ ನಳಿಕೆಯನ್ನು ಹೃದಯದವರೆಗೆ ನೂಕಿಕೊಂಡು, ತಾನೇ ನಡೆದು ಎಕ್ಸ್‌ರೇ ಕೋಣೆಗೆ ಹೋಗಿ ಚಿತ್ರ ತೆಗೆಸಿಕೊಂಡನು. ಆಗ ದೊರೆಯದ ಮರ್ಯಾದೆಯು ೧೯೫೬ರಲ್ಲಿ ನೊಬೆಲ್ ಪಾರಿತೋಷಕದ ರೂಪದಲ್ಲಿ ಬಂದಿತು. ೧೯೫೮ರಲ್ಲಿ ಅಮೇರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ಕರೋನರಿ ನಾಳದೊಳಕ್ಕೆ ಬಣ್ಣದ ಔಷಧವು ಅಕಸ್ಮಾತ್ತಾಗಿ ನುಗ್ಗಿದುದನ್ನು ಕಂಡು, ಅದರಿಂದ ನಾಳಗಳ ಚಿತ್ರ ತೆಗೆಯುವ ವಿದ್ಯೆಯನ್ನು ಬೆಳೆಯಿಸಿದರು. ೧೯೬೪ರಲ್ಲಿ ಆರೆಗನ್ ಪ್ರಾಂತದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬುವರು, ಕಾಲು ಕೊಳೆಯುತ್ತಿದ್ದ ೮೨ ವರ್ಷದ ವೃದ್ಧೆಯೊಬ್ಬಳ ತೊಡೆಯ ಧಮನಿಯನ್ನು ಒಂದಕ್ಕಿಂತ ಒಂದು ದಪ್ಪವಾದ ನಳಿಕೆಗಳನ್ನು ತೂರಿಸಿ ಹಿಗ್ಗಿಸಿದರು. ಕಾಲನ್ನು ಕತ್ತರಿಸಬೇಕೆಂದಿದ್ದವರ ಮಾತು ಸುಳ್ಳಾಯಿತು.

ಇವರೆಲ್ಲರ ಕಾರ್ಯವನ್ನು ಒಂದುಗೂಡಿಸಿದವರು ಆಂಡ್ರಿಯಾಸ್ ಗ್ರುಂಟ್ಸಿಗ್. ೧೯೩೯ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಹುಟ್ಟಿ, ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಈ ವೈದ್ಯರು, ಮೆತ್ತನೆಯ ರಬ್ಬರಿನ ಬಲೂನು ಗಟ್ಟಿ ಜಿಡ್ಡಿನ ಮುಂದೆ ಸೋತು ಬೇಕಾದಲ್ಲಿ ಉಬ್ಬದೆ ಬೇಡವಾದಲ್ಲಿ ಉಬ್ಬುವುದನ್ನು ಕಂಡರು. ಎಷ್ಟು ಒತ್ತಿದರೂ ಗೊತ್ತಾದ ಅಳತೆಯನ್ನು ಮೀರದ ಬಲೂನು ಬೇಕಾಗಿತ್ತು. ಅದನ್ನು ಅವರು ಪಿ.ವಿ.ಸಿ. ಎಂಬ ಪ್ಲಾಸ್ಟಿಕಿನಿಂದ, ತಮ್ಮ ಮನೆಯ ಅಡಿಗೆಕೋಣೆಯ ಮೇಜಿನ ಮೇಲೆ, ಸಹಾಯಕಳೊಬ್ಬಳನ್ನು ಕೂಡಿಸಿಕೊಂಡು ರಾತ್ರಿಗಳಲ್ಲಿ ತಯಾರಿಸಿದರು. ೧೯೭೪ರಲ್ಲಿ ಕಾಲಿನ ಧಮನಿಯಲ್ಲಿ ಅದನ್ನು ಪ್ರಯೋಗಿಸಿದರು. ೧೯೭೭ನೆಯ ಸೆಪ್ಟೆಂಬರ್ ೧೬ರಂದು ಎಚ್ಚರವಾಗಿಯೇ ಇದ್ದ ೩೮ ವರ್ಷದ ರೋಗಿಯೊಬ್ಬನ ಹೃದಯಧಮನಿಯನ್ನು ಲೋಕದಲ್ಲಿ ಮೊದಲಬಾರಿ ಹೀಗೆ ತೆರೆದರು. ಶಸ್ತ್ರವೈದ್ಯರು ಎದೆ ಸೀಳಲು ಸಿದ್ಧರಾಗಿ ಪಕ್ಕದಲ್ಲಿದ್ದರು. ಅವರಿಗೆ ಕೆಲಸ ಬರಲಿಲ್ಲ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆ ಮೊದಲನೆಯ ಇಕ್ಕಟ್ಟು ಸಹ ದೊಡ್ಡದೊಂದು ಓರೆಶಾಖೆಯು ಒಡೆಯುವ ಸ್ಥಳಕ್ಕೆ ತುಸು ಮೇಲೆಯೇ ಇದ್ದಿತು. ಈ ವಿದ್ಯೆಯು ಹುಟ್ಟಿದ್ದೇ ಕವಲಿನ ಸಮೀಪದಲ್ಲಿ. ಹತ್ತು ವರ್ಷಗಳ ತರುವಾಯ ಚಿತ್ರ ತೆಗೆದಾಗಲೂ ಆ ನಾಳವು ತೆರೆದೇ ಇದ್ದಿತು. ಅದನ್ನು ತೆರೆದವರು ಮಾತ್ರ ೧೯೮೫ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡಿದ್ದರು.

ಬಲೂನು ಜಿಡ್ಡನ್ನು ಕರಗಿಸುವುದೆಂದು ಬಹುಜನರ ಗ್ರಹಿಕೆ. ಅದು ತಪ್ಪು. ಅದು ಜಿಡ್ಡನ್ನು ಬಿರುಕುಬಿಡಿಸಿ, ನಾಳದ ಗೋಡೆಯನ್ನು ಹಿಗ್ಗಿಸಿ, ಪದಾರ್ಥವನ್ನು ಅತ್ತಿತ್ತ ಸರಿಸುವುದು. ನೆಟ್ಟನೆಯ ನಾಳದಲ್ಲಿ ಹೀಗೆ ಸರಿದ ಜಿಡ್ಡಿಗೆ ಹೋಗಲು ಗೋಡೆಯಲ್ಲದೆ ಬೇರೆ ದಾರಿಯಿಲ್ಲ. ಕವಲಿನಲ್ಲಿಯಾದರೋ ಪಕ್ಕದಲ್ಲಿಯೇ ಇನ್ನೊಂದು ಬಾಯಿ ತೆರೆದಿರುವುದು. ದೊಡ್ಡ ನಾಳದಲ್ಲಿ ಬಲೂನು ಉಬ್ಬಿದಂತೆ ಜಿಡ್ಡು ಸರಿದು ಶಾಖೆಯ ಬಾಯಿಗೆ ಅಡರುವುದು. ಅಷ್ಟೇ ಅಲ್ಲದೆ ಕವಲಿನ ಮೊನೆಯೂ ಶಾಖೆಯ ಕಡೆಗೆ ವಾಲಿ ಬಾಯಿಯನ್ನು ಕಿರಿದುಮಾಡುವುದು. ಒಂದು ದಾರಿಯನ್ನು ಅಗಲಿಸಿದರೆ ಇನ್ನೊಂದು ಮುಚ್ಚಿತು. ಮುಚ್ಚಿದ್ದನ್ನು ತೆರೆಯಹೋದರೆ ಮೊದಲನೆಯದು ಕುಗ್ಗಿತು. ಶಾಖೆ ಚಿಕ್ಕದಾದರೆ ಸ್ವಲ್ಪ ಎದೆನೋವಿನಿಂದ ಮುಗಿಯುವುದು. ದೊಡ್ಡದಾದರೆ ಚಿಕಿತ್ಸೆಯ ಮೇಜಿನ ಮೇಲೆಯೇ ಹೃದಯಾಘಾತವುಂಟಾಗಿ, ಆ ಶಾಖೆಯು ಪೋಷಿಸುತ್ತಿದ್ದ ಮಾಂಸಖಂಡವು ಮರಳಿ ಬಾರದಂತೆ ನಷ್ಟವಾಗುವುದು.

ಗ್ರುಂಟ್ಸಿಗ್ಗರ ಶಿಷ್ಯರಾದ ಬರ್ನ್‌ಹಾರ್ಡ್ ಮೈಯರ್ ಎಂಬುವರು ೧೯೮೪ರಲ್ಲಿ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಎರಡು ಶಾಖೆಗಳಲ್ಲಿಯೂ ಒಂದೊಂದು ಬಲೂನನ್ನಿಟ್ಟು, ಅವುಗಳ ಮೇಲ್ತುದಿಗಳು ತಾಯಿನಾಳದಲ್ಲಿ ಒಂದಕ್ಕೊಂದು ತಾಗಿರುವಂತೆ ಮಾಡಿ, ಎರಡನ್ನೂ ಒಮ್ಮೆಗೇ ಉಬ್ಬಿಸಬೇಕು. ಆಗ ಮೊನೆಯು ಯಾವ ಕಡೆಗೂ ವಾಲದೆ ನಡುವೆ ನಿಲ್ಲುವುದು. ಪಾಶ್ಚಾತ್ಯರು ಇದನ್ನು ಚುಂಬನದ ಬಲೂನೆಂದು ಕರೆದರು. ಕನ್ನಡದಲ್ಲಿ ಜೋಡಿಬಲೂನೆಂದರೆ ಸಾಕು, ಅರ್ಥವೂ ಕೆಡುವುದಿಲ್ಲ, ಸಭೆಯ ಮರ್ಯಾದೆಯೂ ಉಳಿಯುವುದು. ಇಂದಿಗೂ ಕವಲು ಚಿಕಿತ್ಸೆಯಲ್ಲಿ ಇದರ ಸ್ಥಾನವು ಭದ್ರವಾಗಿದೆ.

ಬರಿಯ ಬಲೂನಿನಿಂದ ತೆರೆದ ನಾಳಗಳಲ್ಲಿ ಅನೇಕವು ಕೆಲವು ತಿಂಗಳುಗಳಲ್ಲಿ ಮತ್ತೆ ಕುಗ್ಗುತ್ತಿದ್ದವು. ೧೯೮೬ರಲ್ಲಿ ಫ್ರಾನ್ಸಿನ ತುಲೂಸಿನಲ್ಲಿ ಜಾಕ್ ಪುಯೆಲ್, ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ಉಲ್ರಿಕ್ ಸಿಗ್ವಾರ್ಟ್ ಎಂಬುವರು ಲೋಹದ ಜಾಲರಿಯ ಕೊಳವೆಯನ್ನು ನಾಳದೊಳಗೆ ಕಾಯಂ ಆಗಿ ನಿಲ್ಲಿಸಿದರು. ಇದೇ ಸ್ಟೆಂಟು. ಜಾಲರಿಯ ಕಣ್ಣುಗಳಿಂದ ಹೊಸಮಾಂಸ ಬೆಳೆದು ದಾರಿ ಮುಚ್ಚುವುದನ್ನು ತಡೆಯಲು ೧೯೯೯ರಲ್ಲಿ ಬ್ರಝಿಲ್ ದೇಶದ ಸಾವೊ ಪಾಲೊ ನಗರದಲ್ಲಿ ಸಿರೋಲಿಮಸ್ ಎಂಬ ಔಷಧವನ್ನು ಲೇಪಿಸಿದ ಸ್ಟೆಂಟನ್ನು ಮನುಷ್ಯರಿಗೆ ಮೊದಲು ಇಟ್ಟರು. ಆ ಔಷಧವು ಶಾಂತಸಾಗರದ ನಡುವೆ ಒಂಟಿಯಾಗಿರುವ ಈಸ್ಟರ್ ದ್ವೀಪದ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯಿಂದ ಹುಟ್ಟಿದುದು.

ಸ್ಟೆಂಟು ಬಂದುದರಿಂದ ಕವಲಿನ ತೊಡಕು ಬಗೆಹರಿಯಲಿಲ್ಲ, ಇನ್ನಷ್ಟು ಸೂಕ್ಷ್ಮವಾಯಿತು. ದೊಡ್ಡ ನಾಳದಲ್ಲಿ ಶಾಖೆಯ ಬಾಯಿಯನ್ನು ದಾಟಿ ಸ್ಟೆಂಟು ಇಟ್ಟರೆ ಆ ಬಾಯಿಗೆ ಜಾಲರಿಯ ಕಂಬಿಗಳು ಅಡ್ಡವಾಗುವವು. ವೈದ್ಯರು ಅದನ್ನು ಸೆರೆಯಾದ ಶಾಖೆಯೆನ್ನುವರು. ರಕ್ತವು ಕಣ್ಣುಗಳ ಮೂಲಕ ಹರಿಯುವುದು ನಿಜ. ಆದರೆ ಒಳಕ್ಕೆ ಮತ್ತೆ ತಂತಿಯನ್ನೂ ಬಲೂನನ್ನೂ ಕೊಂಡೊಯ್ಯುವುದು ಕಷ್ಟವಾಗುವುದು.

ಈಗ ಅನುಭವಿಗಳು ಅನುಸರಿಸುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಯುಕ್ತ. ಮೊದಲು ಮಣಿಕಟ್ಟಿನ ಅಥವಾ ತೊಡೆಯ ಧಮನಿಯಿಂದ ಸುಮಾರು ಎರಡು ಮಿಲಿಮೀಟರ್ ದಪ್ಪದ ನಳಿಕೆಯನ್ನು ಕರೋನರಿ ನಾಳದ ಬಾಯಿಯವರೆಗೆ ತರುವರು. ಅದರೊಳಗಿಂದ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ದಪ್ಪದ ತಂತಿಗಳೆರಡನ್ನು, ಒಂದನ್ನು ದೊಡ್ಡ ನಾಳಕ್ಕೂ ಇನ್ನೊಂದನ್ನು ಪಾರ್ಶ್ವಶಾಖೆಗೂ ಇಳಿಸುವರು. ಪಾರ್ಶ್ವಶಾಖೆಯ ತಂತಿ ಕಾವಲುಗಾರನಿದ್ದಂತೆ. ಸ್ಟೆಂಟನ್ನು ಹಿಗ್ಗಿಸಿದಾಗ ಶಾಖೆ ಮುಚ್ಚಿಹೋದರೂ ಅದರ ಬಾಯಿ ಎಲ್ಲಿದೆಯೆಂಬುದನ್ನು ಆ ತಂತಿಯು ತೋರಿಸುವುದು. ಬಳಿಕ ದೊಡ್ಡ ನಾಳದಲ್ಲಿ ಸ್ಟೆಂಟು ಇಡುವರು. ಅದರ ಅಳತೆಯನ್ನು ಕವಲಿನ ಕೆಳಗಣ ನಾಳಕ್ಕೆ ಸರಿಹೊಂದಿಸತಕ್ಕದ್ದು, ಮೇಲಣ ನಾಳಕ್ಕಲ್ಲ. ದೊಡ್ಡ ಅಳತೆಯ ಸ್ಟೆಂಟನ್ನು ಕೆಳಕ್ಕೆ ಒತ್ತಿದರೆ ಮೊನೆಯು ವಾಲಿ ಶಾಖೆಯನ್ನು ಮುಚ್ಚುವುದು.

ಆದರೆ ಕೆಳಗಿನ ಅಳತೆಯ ಸ್ಟೆಂಟು ಮೇಲೆ ಸಡಿಲವಾಗಿ, ಗೋಡೆಗೆ ತಾಗದೆ ನಿಲ್ಲುವುದಲ್ಲವೇ? ಫಿನೆಯ ಸೂತ್ರವು ಉಪಯೋಗಕ್ಕೆ ಬರುವುದು ಇಲ್ಲಿ. ಮೇಲಣ ನಾಳದ ಅಳತೆಯ ಗಿಡ್ಡವಾದ ಗಟ್ಟಿ ಬಲೂನನ್ನು ಮೊನೆಯ ನೇರದವರೆಗೆ ಮಾತ್ರ ಇಳಿಸಿ ಅಲ್ಲಿ ಹಿಗ್ಗಿಸುವರು. ಬಲೂನು ಕೆಳಕ್ಕೆ ಒಂದೆರಡು ಮಿಲಿಮೀಟರ್ ಜಾರಿದರೆ ಶಾಖೆ ಕೆಡುವುದು. ಮೇಲಕ್ಕೆ ಉಳಿದರೆ ಉದ್ದೇಶವೇ ಸಾಧಿಸುವುದಿಲ್ಲ. ಸರಿಯಾಗಿ ನಡೆದರೆ ಸ್ಟೆಂಟು ಮೇಲಣ ಗೋಡೆಗೆ ಕೂಡುವುದಲ್ಲದೆ, ಶಾಖೆಯ ಬಾಯಿಗೆ ಎದುರಾದ ಜಾಲರಿಯ ಕಣ್ಣೂ ಸ್ವಲ್ಪ ಅಗಲವಾಗಿ, ಅದರೊಳಗೆ ತಂತಿಯನ್ನು ತೂರಿಸುವುದು ಸುಲಭವಾಗುವುದು. ಇಷ್ಟಾದ ಮೇಲೆ ಶಾಖೆಯು ಚೆನ್ನಾಗಿ ಹರಿಯುತ್ತಿದ್ದರೆ ಕೆಲಸ ಮುಗಿಯಿತು. ಹರಿಯದಿದ್ದರೆ ಮಾತ್ರ, ಮೊನೆಗೆ ಅತಿ ಸಮೀಪವಾದ ಕಣ್ಣಿನಿಂದ ತಂತಿಯನ್ನು ಹಾಯಿಸಿ, ಜೋಡಿಬಲೂನುಗಳಿಂದ ಬಾಯಿಯನ್ನು ತೆರೆಯುವರು. ಶಾಖೆಯೊಂದರಲ್ಲಿಯೇ ಬಲೂನನ್ನು ಹಿಗ್ಗಿಸಿದರೆ ಎದುರುಗಡೆಯ ಸ್ಟೆಂಟು ಒಳಕ್ಕೆ ಸೊಟ್ಟಗಾಗುವುದರಿಂದ ಜೋಡಿ ಬೇಕು. ಎರಡು ಬಲೂನುಗಳು ಅಕ್ಕಪಕ್ಕದಲ್ಲಿ ಉಬ್ಬಿ ತಾಯಿನಾಳವನ್ನು ಮೊಟ್ಟೆಯಾಕಾರ ಮಾಡುವುದರಿಂದ, ಕೊನೆಗೊಮ್ಮೆ ಮೇಲ್ಭಾಗವನ್ನು ಒಂದೇ ಬಲೂನಿನಿಂದ ಮರಳಿ ದುಂಡಗೆ ಮಾಡುವುದೂ ವಾಡಿಕೆಯಾಗಿದೆ. ಇದಾದ ಮೇಲೂ ಶಾಖೆಯು ಕೆಟ್ಟಿದ್ದರೆ ಆಗ ಎರಡನೆಯ ಸ್ಟೆಂಟಿನ ವಿಚಾರ. ಪ್ರತಿ ಹೆಜ್ಜೆಯ ಮುಂದೆಯೂ ನಿಂತು ನೋಡುವ ಈ ಕ್ರಮಕ್ಕೆ ಅಗತ್ಯಾನುಸಾರ ವಿಧಾನವೆಂದು ಹೆಸರಿಡಬಹುದು.

ಹೀಗೆ ನಿಂತು ನಿಂತು ಸಾಗುವುದಕ್ಕಿಂತ ಮೊದಲೇ ಎರಡು ಸ್ಟೆಂಟುಗಳನ್ನಿಟ್ಟು ಎರಡು ದಾರಿಗಳನ್ನೂ ಭದ್ರಪಡಿಸಬಾರದೇಕೆ? ಈ ಪ್ರಶ್ನೆ ಸಹಜವಾದುದು, ವೈದ್ಯರಿಗೂ ಹುಟ್ಟಿತ್ತು. ಶಾಖೆಯ ಸ್ಟೆಂಟಿನ ಬುಡವನ್ನು ಅದುಮಿ ಗೋಡೆಗೆ ಒತ್ತುವ ಒಂದು ರೀತಿ, ಒಂದರೊಳಗೊಂದು ಸ್ಟೆಂಟು ತೂರಿ ಎರಡು ಕಾಲುಗಳ ಚಲ್ಲಣದಂತಾಗುವ ಇನ್ನೊಂದು ರೀತಿ, ಹೀಗೆ ಹಲವು ರೀತಿಗಳು ಹುಟ್ಟಿದವು. ಚಲ್ಲಣವೆಂಬರ್ಥದ ಫ್ರೆಂಚ್ ಶಬ್ದವೇ ಆ ರೀತಿಗೆ ಹೆಸರಾಗಿ ನಿಂತಿದೆ. ಯಾವುದು ಮೇಲೆಂಬುದನ್ನು ವಾದದಿಂದ ತೀರಿಸದೆ, ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ಮಾಡಿ ಪರೀಕ್ಷಿಸಿದರು. ೨೦೦೬ರಲ್ಲಿ ಪ್ರಕಟವಾದ ಉತ್ತರ ಯೂರೋಪಿನ ಪರೀಕ್ಷೆಯಲ್ಲಿ ೪೧೩ ಮಂದಿ ರೋಗಿಗಳಿದ್ದರು. ಆರು ತಿಂಗಳ ಕೊನೆಗೆ ಎರಡು ಪಂಗಡಗಳಿಗೂ ಭೇದ ಕಾಣಲಿಲ್ಲ. ಎರಡು ಸ್ಟೆಂಟಿನವರಿಗೆ ಹೊತ್ತು ಹೆಚ್ಚು ಹಿಡಿಯಿತು, ಬಣ್ಣದ ಔಷಧ ಹೆಚ್ಚು ಬೇಕಾಯಿತು. ೨೦೧೦ರಲ್ಲಿ ಪ್ರಕಟವಾದ ಬ್ರಿಟಿಷ್ ಪರೀಕ್ಷೆಯಲ್ಲಿ ೫೦೦ ಮಂದಿ. ಸರಳ ವಿಧಾನದವರಲ್ಲಿ ನೂರಕ್ಕೆ ೮ ಮಂದಿಗೆ, ಜಟಿಲ ವಿಧಾನದವರಲ್ಲಿ ನೂರಕ್ಕೆ ೧೫.೨ರಂತೆ ಒಂಬತ್ತು ತಿಂಗಳೊಳಗೆ ಮರಣ, ಹೃದಯಾಘಾತ ಅಥವಾ ನಾಳದ ವೈಫಲ್ಯ ಸಂಭವಿಸಿತು. ಹೆಚ್ಚು ಲೋಹವೆಂದರೆ ಹೆಚ್ಚು ರಕ್ಷೆಯೆಂಬ ಎಣಿಕೆಗೆ ಇದರಿಂದ ಪೆಟ್ಟು ಬಿದ್ದಿತು.

ಚಿತ್ರದಲ್ಲಿ ಇಕ್ಕಟ್ಟಾಗಿ ಕಾಣುವ ಶಾಖೆಯನ್ನು ಬಿಡುವುದು ಹೇಗೆ ನ್ಯಾಯವೆಂಬ ಪ್ರಶ್ನೆಗೆ ಉತ್ತರವು ದಕ್ಷಿಣ ಕೊರಿಯದ ಸೋಲ್ ನಗರದಿಂದ ಬಂದಿತು. ಅಲ್ಲಿಯ ಬೊನ್-ಕ್ವೊನ್ ಕೂ ಎಂಬ ವೈದ್ಯರೂ ಅವರ ಸಂಗಡಿಗರೂ ಸೆರೆಯಾದ ಶಾಖೆಗಳೊಳಕ್ಕೆ ಒತ್ತಡವನ್ನಳೆಯುವ ತಂತಿಯನ್ನಿಳಿಸಿ, ಇಕ್ಕಟ್ಟಿನ ಆಚೆಗೆ ಎಷ್ಟು ಒತ್ತಡ ಉಳಿದಿದೆಯೆಂದು ನೋಡಿದರು. ೨೦೦೫ರಲ್ಲಿ ಪ್ರಕಟವಾದ ಆ ಫಲವು ಆಶ್ಚರ್ಯಕರವಾದುದು. ಚಿತ್ರದಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ಅಥವಾ ಅದಕ್ಕೂ ಹೆಚ್ಚು ಮುಚ್ಚಿದಂತೆ ಕಂಡ ೭೩ ಶಾಖೆಗಳಲ್ಲಿ ನಿಜವಾಗಿ ರಕ್ತದ ಕೊರತೆಯನ್ನುಂಟುಮಾಡುವಂತಿದ್ದವು ೨೦ ಮಾತ್ರ. ಅದಕ್ಕಿಂತ ಕಡಿಮೆ ಇಕ್ಕಟ್ಟಿನವುಗಳಲ್ಲಿ ಒಂದೂ ಇರಲಿಲ್ಲ. ವಾಲಿದ ಮೊನೆಯ ನೆರಳು ಚಿತ್ರದಲ್ಲಿ ಭಯಂಕರವಾಗಿ ಕಂಡರೂ ರಕ್ತವು ಅದರ ಬದಿಯಿಂದ ಸಾಕಷ್ಟು ಹರಿಯುತ್ತಿರುವುದು. ಮನೆಯವರು ಅರ್ಧಕ್ಕೆ ಬಿಟ್ಟ ಕೆಲಸವೆಂದು ಭ್ರಮಿಸುವ ಅನೇಕ ಪ್ರಸಂಗಗಳು ಈ ಬಗೆಯವು. ಆ ಶಾಖೆಯನ್ನು ಬಿಟ್ಟ ವೈದ್ಯನು ಕೈಸೋತವನಲ್ಲ. ಬಹುಶಃ ಹೆಚ್ಚು ಬಲ್ಲವನು.

ಆದರೂ ಈ ನಿಯಮವನ್ನು ಎಲ್ಲ ಕಡೆಯೂ ಹೂಡಬಾರದು. ಎಡಗಾಂಡದ ಕವಲಿನಲ್ಲಿ ಪಾರ್ಶ್ವಶಾಖೆಯೆಂದು ಕರೆಯುವ ನಾಳವೂ ಹೃದಯದ ದೊಡ್ಡ ಭಾಗವನ್ನು ಪೋಷಿಸುವುದು. ಅದು ಹೋದರೆ ಪ್ರಾಣವೇ ಹೋಗಬಹುದು. ಚೀನ ದೇಶದ ನಾನ್‌ಜಿಂಗ್ ನಗರದ ಷಾವೊ-ಲಿಯಾಂಗ್ ಚೆನ್ ಎಂಬ ವೈದ್ಯರು, ಶಾಖೆಯ ಸ್ಟೆಂಟನ್ನು ಅದುಮಿ, ನಡುವೆ ಒಮ್ಮೆ ಕೊನೆಗೆ ಒಮ್ಮೆ ಹೀಗೆ ಎರಡು ಸಲ ಜೋಡಿಬಲೂನು ಹಾಕುವ ವಿಧಾನವನ್ನು ರೂಢಿಗೆ ತಂದರು. ಎಡಗಾಂಡದ ಕವಲುಗಳಲ್ಲಿ ೪೮೨ ಮಂದಿಯ ಮೇಲೆ ನಡೆದು ೨೦೧೭ರಲ್ಲಿ ಹೊರಬಂದ ಪರೀಕ್ಷೆಯಲ್ಲಿ, ಒಂದು ವರ್ಷದೊಳಗಿನ ವೈಫಲ್ಯವು ಅಗತ್ಯಾನುಸಾರ ವಿಧಾನದಲ್ಲಿ ನೂರಕ್ಕೆ ೧೦.೭ ಇದ್ದರೆ ಇವರ ವಿಧಾನದಲ್ಲಿ ೫ ಮಾತ್ರವಿದ್ದಿತು. ಯೂರೋಪಿನವರು ೨೦೨೧ರಲ್ಲಿ ಪ್ರಕಟಿಸಿದ ೪೬೭ ಮಂದಿಯ ಪರೀಕ್ಷೆಯಲ್ಲಾದರೋ ಎರಡು ಸ್ಟೆಂಟುಗಳಿಂದ ಮೇಲ್ಮೆ ಕಾಣಲಿಲ್ಲ. ಎರಡು ಫಲಗಳೂ ಪರಸ್ಪರ ವಿರುದ್ಧವೆಂದು ತೋರಬಹುದು. ಆದರೆ ಎರಡು ಕಡೆಯ ರೋಗಿಗಳ ಜಿಡ್ಡಿನ ಉದ್ದವೂ ಎರಡು ಸ್ಟೆಂಟು ಇಡುವ ರೀತಿಯೂ ಒಂದೇ ಆಗಿರಲಿಲ್ಲ. ಶಾಖೆಯೊಳಗೆ ಹತ್ತು ಮಿಲಿಮೀಟರಿಗೂ ಉದ್ದವಾಗಿ, ಬಿಗಿಯಾಗಿ ಜಿಡ್ಡು ಹಬ್ಬಿದ್ದರೆ ಮೊದಲೇ ಎರಡು ಸ್ಟೆಂಟುಗಳ ಸಂಕಲ್ಪ ಮಾಡುವುದು ತಕ್ಕದ್ದು. ಬಾಯಿಯಲ್ಲಿ ಮಾತ್ರ ಇದ್ದರೆ ಒಂದರಿಂದ ತೊಡಗುವುದು ತಕ್ಕದ್ದು. ಶಾಖೆ ದೊಡ್ಡದೋ ಚಿಕ್ಕದೋ, ಜಿಡ್ಡು ಉದ್ದವೋ ಗಿಡ್ಡವೋ ಎಂಬುದನ್ನು ನೋಡದೆ ಒಂದೇ ರೀತಿಯನ್ನು ಹಿಡಿದು ಎಲ್ಲರಿಗೂ ಅದನ್ನೇ ಮಾಡುವವರ ಕೈಯಲ್ಲಿ ರೋಗಿಗೆ ಅಪಾಯ ಹೆಚ್ಚು.

ಕವಲಿನ ಸ್ಥಿತಿಯನ್ನು ಬರೆದಿಡಲು ಸ್ಪೇನಿನ ಮೆದೀನ ಎಂಬ ವೈದ್ಯರು ೨೦೦೬ರಲ್ಲಿ ಸರಳವಾದ ಸಂಕೇತವನ್ನು ಕೊಟ್ಟರು. ಮೇಲಣ ನಾಳ, ಕೆಳಗಣ ನಾಳ, ಪಾರ್ಶ್ವಶಾಖೆ ಎಂಬ ಕ್ರಮದಲ್ಲಿ, ಅರ್ಧಕ್ಕೆ ಮೇಲ್ಪಟ್ಟು ಇಕ್ಕಟ್ಟಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಚೀಟಿಯಲ್ಲಿ ೧,೧,೧ ಎಂದಿದ್ದರೆ ಮೂರೂ ಕಡೆ ಇಕ್ಕಟ್ಟು; ೧,೧,೦ ಎಂದಿದ್ದರೆ ಶಾಖೆ ಸ್ವಚ್ಛ. ಈ ಮೂರು ಅಂಕೆಗಳನ್ನು ಓದಬಲ್ಲ ಮನೆಯವರು ವೈದ್ಯರೊಡನೆ ಅರ್ಥವುಳ್ಳ ಮಾತನಾಡಬಲ್ಲರು. ಅಲ್ಲದೆ ಈಗ ನಾಳದೊಳಗಿಂದಲೇ ಬೆಳಕಿನ ಕಿರಣಗಳಿಂದ ಚಿತ್ರ ತೆಗೆಯುವ ಉಪಕರಣವೂ ಬಂದಿದೆ. ಕವಲಿನ ಜಟಿಲವಾದ ಇಕ್ಕಟ್ಟುಗಳಿದ್ದ ೧೨೦೧ ಮಂದಿಯನ್ನು ಪರೀಕ್ಷಿಸಿ ೨೦೨೩ರಲ್ಲಿ ಪ್ರಕಟಿಸಿದ ವರದಿಯಂತೆ, ಆ ಚಿತ್ರವನ್ನು ನೋಡಿ ಚಿಕಿತ್ಸೆ ಮಾಡಿದವರಲ್ಲಿ ಎರಡು ವರ್ಷಗಳೊಳಗೆ ನೂರಕ್ಕೆ ೧೦.೧ರಷ್ಟು, ಹೊರಗಿನ ಎಕ್ಸ್‌ರೇ ಚಿತ್ರವನ್ನೇ ನಂಬಿದವರಲ್ಲಿ ೧೪.೧ರಷ್ಟು ದುಷ್ಫಲಗಳು ಕಂಡವು.

ಬಲೂನಿನ ಕಥೆ ಇಲ್ಲಿಗೆ ಮುಗಿಯಲಿಲ್ಲ. ಜರ್ಮನಿಯಲ್ಲಿ ಬ್ರೂನೊ ಷೆಲ್ಲರ್, ಉಲ್ರಿಕ್ ಸ್ಪೆಕ್ ಮೊದಲಾದವರು ಪಾಕ್ಲಿಟಾಕ್ಸೆಲ್ ಎಂಬ ಔಷಧವನ್ನು ಬಲೂನಿನ ಮೈಗೇ ಲೇಪಿಸಿ, ೨೦೦೬ರಲ್ಲಿ ತಮ್ಮ ಮೊದಲ ಫಲವನ್ನು ಪ್ರಕಟಿಸಿದರು. ಈ ಔಷಧವು ಯೂ ಎಂಬ ಮರದ ತೊಗಟೆಯಲ್ಲಿ ಮೊದಲು ದೊರೆತುದು. ಬಲೂನು ಉಬ್ಬಿರುವ ಒಂದರ್ಧ ನಿಮಿಷದಲ್ಲಿ ಔಷಧವು ಗೋಡೆಗೆ ಅಂಟಿಕೊಳ್ಳುವುದು. ಬಲೂನು ಹೊರಬಂದ ಮೇಲೆ ಲೋಹವೇನೂ ಉಳಿಯುವುದಿಲ್ಲ. ಪಾರ್ಶ್ವಶಾಖೆಗೆ ಹೇಳಿ ಮಾಡಿಸಿದಂತಹ ಉಪಾಯವಿದು. ದೊಡ್ಡ ನಾಳಕ್ಕೆ ಸ್ಟೆಂಟು ಇಟ್ಟ ಮೇಲೂ ಶಾಖೆಯ ಬಾಯಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಇಕ್ಕಟ್ಟಾಗಿ ಉಳಿದ ೭೮೪ ಮಂದಿಯನ್ನು ಪರೀಕ್ಷಿಸಿ ೨೦೨೪ರಲ್ಲಿ ಪ್ರಕಟಿಸಿದ ವರದಿಯಿದೆ. ಶಾಖೆಗೆ ಔಷಧಬಲೂನು ಹಾಕಿದವರಲ್ಲಿ ವರ್ಷದೊಳಗೆ ನೂರಕ್ಕೆ ೭.೨, ಸಾದಾ ಬಲೂನು ಹಾಕಿದವರಲ್ಲಿ ೧೨.೫ರಂತೆ ಕೇಡುಗಳಾದವು. ಆ ವ್ಯತ್ಯಾಸವು ಬಹುಮಟ್ಟಿಗೆ ಹೃದಯಾಘಾತಗಳು ಕಡಿಮೆಯಾದುದರಿಂದ ಬಂದುದು. ಮುಂದಣ ವರ್ಷಗಳಲ್ಲಿಯೂ ಈ ಮೇಲ್ಮೆ ನಿಲ್ಲುವುದೇ ಎಂಬುದನ್ನು ಕಾಲವೇ ತೋರಿಸಬೇಕು.

ಇನ್ನು ಮನೆಯವರಿಗೆ ಸಂಬಂಧಪಟ್ಟ ಕೆಲವು ಮಾತುಗಳು. ಸ್ಟೆಂಟುಗಳ ಬೆಲೆಯು ಈ ದೇಶದಲ್ಲಿ ಒಂದು ಕಾಲಕ್ಕೆ ಲಕ್ಷ ರೂಪಾಯಿಗಳನ್ನು ಮೀರುತ್ತಿದ್ದಿತು. ೨೦೧೭ರ ಫೆಬ್ರವರಿಯಲ್ಲಿ ಭಾರತ ಸರಕಾರದ ಬೆಲೆನಿಯಂತ್ರಣ ಪ್ರಾಧಿಕಾರವು ಔಷಧಲೇಪಿತ ಸ್ಟೆಂಟಿಗೆ ೨೯,೬೦೦ ರೂಪಾಯಿಗಳ ಮಿತಿಯನ್ನು ಹಾಕಿತು. ಆ ಬಳಿಕ ಮಿತಿಯು ಆಗಾಗ ಬದಲಾಗಿದೆ. ಎರಡನೆಯ ಸ್ಟೆಂಟಿನ ಮಾತು ಬಂದಾಗ ಹಣದ ಮಾತನ್ನು ಬದಿಗಿಟ್ಟು ಕೇಳತಕ್ಕ ಪ್ರಶ್ನೆ ಒಂದೇ: ಆ ಶಾಖೆ ಎಷ್ಟು ದೊಡ್ಡದು, ಒತ್ತಡವನ್ನಳೆದು ನೋಡಿದಿರಾ ಎಂದು.

ಸ್ಟೆಂಟು ಒಂದಿರಲಿ ಎರಡಿರಲಿ, ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆಗಳನ್ನು ಕೊಡುವರು. ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತವಾಗಿದ್ದವರಿಗೆ ಒಂದು ವರ್ಷದ ವರೆಗೆ ಎರಡನ್ನೂ ಸೇವಿಸಬೇಕಾಗುವುದು. ಕವಲಿನಲ್ಲಿ ಲೋಹವು ಪದರ ಪದರವಾಗಿ ಬಿದ್ದಿರುವ ಸ್ಥಳದಲ್ಲಿ ಹೆಪ್ಪುಗಟ್ಟುವ ಭಯ ಹೆಚ್ಚು. ಹಲ್ಲು ಕೀಳಿಸುವುದಕ್ಕೆಂದೋ, ವ್ರತವೆಂದೋ, ಹೊಟ್ಟೆ ಉರಿಯುವುದೆಂದೋ ಹೃದಯವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸಿ ಪ್ರಾಣಕ್ಕೆ ಎರವಾದವರುಂಟು. ಆಸ್ಪತ್ರೆಯಿಂದ ಹೊರಡುವಾಗ ಕೊಡುವ ನಾಳಗಳ ಚಿತ್ರದ ತಟ್ಟೆಯನ್ನೂ, ಸ್ಟೆಂಟಿನ ಅಳತೆಯನ್ನು ಬರೆದ ಚೀಟಿಯನ್ನೂ ಮನೆಪತ್ರಗಳ ಜೊತೆಗೆ ಜೋಪಾನವ ಮಾಡಿ ಇಡತಕ್ಕದ್ದು. ಮುಂದೆಂದಾದರೂ ಬೇರೆ ಊರಿನಲ್ಲಿ ಬೇರೆ ವೈದ್ಯನು ಆ ಕವಲಿಗೆ ಮರಳಿ ತಂತಿಯನ್ನಿಳಿಸಬೇಕಾಗಿ ಬಂದರೆ, ಯಾವ ಶಾಖೆಯಲ್ಲಿ ಲೋಹವಿದೆ, ಯಾವುದನ್ನು ಬುದ್ಧಿಪೂರ್ವಕವಾಗಿ ಬಿಡಲಾಗಿದೆ ಎಂಬುದು ಅವನಿಗೆ ತಿಳಿಯುವುದು ಅವುಗಳಿಂದಲೇ.